ಹೊಳೆ ಮೇಲಕ್ಕೆ ಹರಿದ ದಿನ: ಗೆಳೆಯನಿಗೊಂದು ಪತ್ರ

ಮಡಿಕೇರಿ
ಮಾಘ ಬಹುಳ ಪಂಚಮಿ

ಪ್ರೀತಿಯ ಗೆಳೆಯಾ,

ನಿನಗೆ ನಗು ತರುವ ಸುದ್ದಿಯನ್ನೇ ಮೊದಲು ಹೇಳಿಬಿಡುತ್ತೇನೆ. ದುಬಾರೆಯ ದೋಣಿಯಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತು ನಿನ್ನ ಬಾಯಿಂದ ‘ಅಡ್ಮಿರಲ್’ ಎಂಬ ಬಿರುದು ಪಡೆದಿದ್ದ ನಾನು, ಕಳೆದ ಭಾನುವಾರ ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಹಾಯಿದೋಣಿಯ ಚುಕ್ಕಾಣಿ ಹಿಡಿದಿದ್ದೆ. ಒಟ್ಟು 11 ನಿಮಿಷ. ಹನ್ನೆರಡನೆಯ ನಿಮಿಷಕ್ಕೆ ದೋಣಿ ಮರಳು ದಿಬ್ಬವನ್ನು ಹತ್ತಿ ಕುಳಿತಿತು.

ಈ ಪತ್ರವನ್ನು ನಿನ್ನ ಜೊತೆಗೆ ಬೇರೆಯವರೂ ಓದುತ್ತಾರೆಂದು ತಿಳಿದೇ ಬರೆಯುತ್ತಿದ್ದೇನೆ. ಆದ್ದರಿಂದ ನನ್ನ ಭಾಷೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರೆ ಸಹಿಸಿಕೊ. ಮೂರನೆಯ ಛತ್ರಿಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲವೆಂದು ಮಾತು ಕೊಡುತ್ತೇನೆ. ಪ್ರತಿಯಾಗಿ ನೀನೂ ಕುಶಾಲನಗರದ ಬಸ್ಸಿನ ವಿಷಯ ಎತ್ತಕೂಡದು.

ನಮ್ಮ ಕಾಳುಮೆಣಸು ಕೊಳ್ಳಲು ಪ್ರತಿವರ್ಷ ಬರುವ ಕಾಸರಗೋಡಿನ ಅಣ್ಣನನ್ನು ನೀನು ಒಮ್ಮೆ ನೋಡಿದ್ದೀಯೆ. 30 ವರ್ಷ ಹಡಗಿನಲ್ಲಿದ್ದವರು. ಆದರೆ ಇದ್ದದ್ದು ಎಂಜಿನ್ ಕೋಣೆಯಲ್ಲಿ. ಏಳು ಸಮುದ್ರಗಳ ಮೇಲೆ ಹೋಗಿಯೂ ಸಮುದ್ರವನ್ನು ಸರಿಯಾಗಿ ಕಂಡಿರಲಿಲ್ಲವೆಂಬ ಕೊರಗಿನಿಂದಲೋ ಏನೋ, ನಿವೃತ್ತರಾದ ಮೇಲೆ 14 ಅಡಿಯ ಒಂದು ಹಳೆಯ ಫೈಬರ್ ದೋಣಿಯನ್ನು ತರಿಸಿ, ಹಾಯಿ ಕಟ್ಟಿ, ಬಿಡುವಾದಾಗಲೆಲ್ಲ ಹೊಳೆಗೆ ಇಳಿಯುತ್ತಾರೆ. “ಹುಣ್ಣಿಮೆಯ ಮರುದಿನ ಬನ್ನಿ, ನೀರು ಚೆನ್ನಾಗಿರುತ್ತದೆ” ಎಂದು ಅವರು ಮೂರು ವರ್ಷದಿಂದ ಕರೆಯುತ್ತಿದ್ದರು. ಈ ಸಲ ಸುಂಟಿಕೊಪ್ಪದ ತೋಟದಲ್ಲಿ ಸ್ಪ್ರಿಂಕ್ಲರ್ ಕೊಟ್ಟು ಎಂಟು ದಿನವಾಗಿ, ರೊಬಸ್ಟಾ ಕಾಫಿಯ ಹೂವು ಒಂದೇ ರಾತ್ರಿಗೆ ಬಿರಿದು, ಇನ್ನು ಜೇನುನೊಣಗಳ ಕೆಲಸವೇ ಹೊರತು ನನ್ನದಲ್ಲವೆಂಬ ಸ್ಥಿತಿ ಬಂದಿದ್ದರಿಂದ ಹೊರಟೇಬಿಟ್ಟೆ.

ಬೆಳಗಿನ ಕತ್ತಲಲ್ಲಿ ಸಂಪಾಜೆ ಘಟ್ಟ ಇಳಿದೆ. ಆ ದಾರಿಯುದ್ದಕ್ಕೂ ಮಗ್ಗುಲಲ್ಲಿ ಇಳಿಯುವ ನೀರು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಓದುತ್ತಿರುವ ಇತರರಿಗಾಗಿ ಹೇಳುತ್ತೇನೆ. ನಮ್ಮ ಬೆಟ್ಟದ ಮೂಡಣ ಮಗ್ಗುಲಿಗೆ ಬಿದ್ದ ಮಳೆ ಕಾವೇರಿಯನ್ನು ಸೇರಿ ಸುಮಾರು 800 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಡುವಣ ಮಗ್ಗುಲಿಗೆ ಬಿದ್ದದ್ದು ಪಯಸ್ವಿನಿಯಾಗಿ ಸಂಪಾಜೆ, ಅರಂತೋಡು, ಸುಳ್ಯಗಳನ್ನು ದಾಟಿ, ಗಡಿಯಾಚೆ ಚಂದ್ರಗಿರಿ ಎಂದು ಹೆಸರು ಬದಲಿಸಿಕೊಂಡು, ಒಟ್ಟು 105 ಕಿಲೋಮೀಟರಿನಲ್ಲೇ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಕಾವೇರಿಗೆ ನಾವು ಸಂಕ್ರಮಣ ಮಾಡುತ್ತೇವೆ, ತೀರ್ಥ ತರುತ್ತೇವೆ, ಅಮ್ಮ ಎನ್ನುತ್ತೇವೆ. ಪಯಸ್ವಿನಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಘಟ್ಟದವರಾದ ನಮಗೆ ಹೊಳೆಯೆಂದರೆ ಒಂದೇ ದಿಕ್ಕು. ಅಳಿವೆಯ ಬಳಿ ದೋಣಿಯ ಹತ್ತಿರ ನಿಂತು ನೋಡುತ್ತೇನೆ, ಒಣಗಿದ ತೆಂಗಿನ ಸೋಗೆಯೊಂದು ನಿಧಾನವಾಗಿ, ಯಾವ ಸಂಕೋಚವೂ ಇಲ್ಲದೆ, ಸುಳ್ಯದ ಕಡೆಗೆ ತೇಲಿಕೊಂಡು ಹೋಗುತ್ತಿತ್ತು. ಸಮುದ್ರದ ಉಬ್ಬರ ಹೊಳೆಯನ್ನು ಹಿಂದಕ್ಕೆ ತಳ್ಳುತ್ತಿತ್ತು. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಸೊರಗಿದಾಗ ಉಪ್ಪುನೀರು ಎಷ್ಟು ದೂರ ಏರುತ್ತಿತ್ತೆಂದರೆ, ಕಾಸರಗೋಡಿನ ನಲ್ಲಿಗಳಲ್ಲೇ ಉಪ್ಪು ಬರುತ್ತಿತ್ತಂತೆ. ಅದನ್ನು ತಡೆಯಲು ಬಾವಿಕ್ಕರದಲ್ಲಿ ಅಣೆಕಟ್ಟು ಕಟ್ಟಬೇಕಾಯಿತು. ಇದೆಲ್ಲವನ್ನೂ ಶಾಲೆಯಲ್ಲಿ ಓದಿದ್ದೆ. ಆದರೂ ಆ ಸೋಗೆ ನಮ್ಮೂರಿನ ಕಡೆಗೆ ಹೊರಟದ್ದನ್ನು ಕಂಡಾಗ, ಯಾರೋ ಕೊಟ್ಟದ್ದನ್ನು ತಿರಸ್ಕರಿಸಿ ವಾಪಸು ಕಳಿಸುತ್ತಿರುವಂತೆ ತೋರಿತು. ಆ ಹೊತ್ತಿಗೆ ಅದು ಕವಿತ್ವವೆಂದುಕೊಂಡು ಸಂತೋಷಪಟ್ಟೆ.

ಬೆಳಗಿನ ಭಾಗವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಸುಖವಾಗಿಯೇ ಇತ್ತು. ಉಬ್ಬರದ ಜೊತೆಗೆ ಮೇಲಕ್ಕೆ ಹೋದೆವು. ಉಪ್ಪುನೀರಿನಲ್ಲೇ ಬೆಳೆಯುವ ದಂಡೆಯ ಕಾಂಡ್ಲಾ ಗಿಡಗಳು ಸೊಂಟದವರೆಗೆ ನೀರಿನಲ್ಲಿದ್ದವು. ಉತ್ತರ ದಡದಲ್ಲಿ ತಳಂಗರೆ, ತೆಂಕಣ ದಡದ ಗುಡ್ಡದ ಮೇಲೆ ಹದಿನೇಳನೆಯ ಶತಮಾನದಲ್ಲಿ ಶಿವಪ್ಪ ನಾಯಕ ಕಟ್ಟಿಸಿದ ಚಂದ್ರಗಿರಿ ಕೋಟೆ. ದೋಣಿಯಲ್ಲಿ ಹಾಯಿ ಕಟ್ಟುವ ಕೂವೆಮರ ಅಲ್ಯೂಮಿನಿಯಮ್ಮಿನದು. ಹಿಂದಿನ ಹಡಗುಗಳಿಗೆ ನಮ್ಮ ಘಟ್ಟದ ಕಾಡಿನಿಂದ, ಬ್ರಿಟಿಷರು ಪೂನ್‌ಸ್ಪಾರ್ ಎಂದು ಕರೆಯುತ್ತಿದ್ದ ಹೊನ್ನೆ ಜಾತಿಯ ನೆಟ್ಟನೆಯ ಮರಗಳು ಇಳಿದು ಬರುತ್ತಿದ್ದವೆಂದು ನಾನು ಹೆಮ್ಮೆಯಿಂದ ಹೇಳಿದೆ. “ಹಾಗಾದರೆ ನಿಮ್ಮವರು ಮರ ಕಳಿಸಿದರು, ತಾವು ಬರಲಿಲ್ಲ” ಎಂದರು ಅಣ್ಣ. ತಮಾಷೆಗೆ ಹೇಳಿದ್ದು. ಅದು ಮಧ್ಯಾಹ್ನದವರೆಗೂ ಕಿವಿಯಲ್ಲಿತ್ತು.

ಹನ್ನೆರಡು ಗಂಟೆಯ ಸುಮಾರಿಗೆ ನೀರು ನಿಂತಿತು; ಇಳಿತ ಶುರುವಾಯಿತು; ಅದೇ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಎದ್ದಿತು. ನೀರು ಸಮುದ್ರದ ಕಡೆಗೆ, ಗಾಳಿ ಸಮುದ್ರದಿಂದ ಈ ಕಡೆಗೆ. ಎರಡೂ ಎದುರುಬದುರಾದಾಗ ಅಲ್ಲಿಯವರೆಗೆ ಸಾರಿಸಿದ ಅಂಗಳದಂತಿದ್ದ ಹೊಳೆಯ ಮೇಲೆ ಸಣ್ಣ ಸಣ್ಣ ಮೊನಚಾದ ಅಲೆಗಳು ಎದ್ದವು. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಆಗದು; ಸುಮಾರು 45 ಡಿಗ್ರಿ ಓರೆಯಾಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಘಟ್ಟದ ರಸ್ತೆಯ ತಿರುವುಗಳ ಹಾಗೆ ಹೋಗಬೇಕು. ಪ್ರತಿ ತಿರುವಿನಲ್ಲೂ ಹಾಯಿಯ ಕೆಳಗಿನ ಅಡ್ಡಕೋಲು ದೋಣಿಯ ಈ ಬದಿಯಿಂದ ಆ ಬದಿಗೆ ಬೀಸಿ ಬರುತ್ತದೆ. ಅಣ್ಣ “ತಲೆ!” ಎಂದು ಕೂಗುತ್ತಾರೆ, ನಾವು ತಲೆ ತಗ್ಗಿಸುತ್ತೇವೆ. ಈ ವಿದ್ಯೆ ನನಗೆ ಚೆನ್ನಾಗಿ ಬಂತು. ತಲೆ ತಗ್ಗಿಸುವುದು ಮೊದಲಿನಿಂದಲೂ ನನಗೆ ಕಷ್ಟವಲ್ಲ. ಮೆಚ್ಚಿ ಅವರು ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟರು.

ಒಂದು ತಿರುವಿನಲ್ಲಿ ತಿರುಗಿಸಬೇಕಾದಲ್ಲಿ ತಿರುಗಿಸಲಿಲ್ಲ. ಅಡಿಯಲ್ಲಿ ಅಕ್ಕಿ ಅಳೆದಂತೆ ಸರಸರ ಸದ್ದಾಗಿ ದೋಣಿ ನಿಂತಿತು.

ಇಳಿತದ ಆರು ಗಂಟೆಗಳಲ್ಲಿ ನೀರು ಒಂದೇ ಸಮನಾಗಿ ಇಳಿಯುವುದಿಲ್ಲವಂತೆ. ನಾವಿಕರ ಲೆಕ್ಕದಲ್ಲಿ ಮೊದಲ ಗಂಟೆಗೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದಕ್ಕೆ ಎರಡು ಪಾಲು, ಮೂರನೆಯ, ನಾಲ್ಕನೆಯ ಗಂಟೆಗಳಿಗೆ ಮೂರು ಮೂರು ಪಾಲು, ಆಮೇಲೆ ಮತ್ತೆ ಎರಡು, ಒಂದು. ನಾನು ದಿಬ್ಬ ಹತ್ತಿಸಿದ್ದು ಮೂರನೆಯ ಗಂಟೆಯಲ್ಲಿ. ಅಣ್ಣ ತಕ್ಷಣ ಕೆಳಗೆ ಹಾರಿ ತಳ್ಳಿದರು. “ನೀವೂ ಇಳಿದರೆ ಭಾರ ಕಡಿಮೆಯಾಗಿ ದೋಣಿ ಏಳುತ್ತದೆ” ಎಂದರು. ಲೈಫ್ ಜಾಕೆಟ್ಟಿನೊಳಗೆ ಗಲ್ಲದವರೆಗೆ ಹುದುಗಿ ಕುಳಿತಿದ್ದ ನಾನು ಇಳಿಯಲಿಲ್ಲ. ನೀರು ಕೆಂಚಾಗಿತ್ತು, ತಳ ಕಾಣುತ್ತಿರಲಿಲ್ಲ. ಅವರು ಎರಡನೆಯ ಸಲ ಹೇಳಲಿಲ್ಲ, ಸಭ್ಯರು. “ಆಗಲಿ, ರಾತ್ರಿ ನೀರು ಬರುತ್ತದೆ, ಕಾಯೋಣ” ಎಂದು ಮೇಲೆ ಹತ್ತಿ, ಬುತ್ತಿ ಬಿಚ್ಚಲು ಹೇಳಿದರು.

ಬುತ್ತಿಯಲ್ಲಿ ಅಕ್ಕಿರೊಟ್ಟಿಯ ಜೊತೆಗೆ ನಿನ್ನ ಅವ್ವ ಕಳಿಸಿದ ಕಾಡುಮಾವಿನ ಉಪ್ಪಿನಕಾಯಿ ಇತ್ತು. ಒಂದು ತುಂಡು ಬಾಯಿಗಿಟ್ಟು ಅಣ್ಣ ಕಣ್ಣು ಮುಚ್ಚಿದರು. ಯಾರು ಹಾಕಿದ್ದೆಂದು ಕೇಳಿದರು. ನನ್ನ ಗೆಳೆಯನ ಅವ್ವ, ಜೋಡುಪಾಲದವರು ಎಂದೆ. ಅವರು ಕಣ್ಣು ಬಿಟ್ಟರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದಾಗ ಈ ಹೊಳೆ ವಾರಗಟ್ಟಲೆ ಕೆಮ್ಮಣ್ಣಿನ ಬಣ್ಣದಲ್ಲಿ ಹರಿಯಿತೆಂದೂ, ಬೇರು ಸಮೇತ ಮರಗಳು ಬಂದವೆಂದೂ, ಅದಾದ ಮೇಲೆ ಹೊಳೆಯೊಳಗಿನ ದಿಬ್ಬಗಳೆಲ್ಲ ಜಾಗ ಬದಲಿಸಿದವೆಂದೂ ಹೇಳಿದರು. ದೋಣಿಯ ಅಡಿಯನ್ನು ಕಾಲಿನಿಂದ ತಟ್ಟಿ, “ಇದರಲ್ಲೂ ನಿಮ್ಮೂರಿನದು ಸ್ವಲ್ಪ ಇದ್ದೀತು” ಎಂದರು. ಆಮೇಲೆ ಸಹಜವಾಗಿ, “ಆಗ ನೀವು ಅಲ್ಲಿಗೆ ಹೋಗಿದ್ದಿರಾ?” ಎಂದು ಕೇಳಿದರು.

“ಹೊರಟಿದ್ದೆ, ರಸ್ತೆ ಮುಚ್ಚಿತ್ತು” ಎಂದೆ.

ಒಂದು ಕ್ಷಣವೂ ತಡವರಿಸಲಿಲ್ಲ. ಕೈ ಹಾಕಿದರೆ ಜೇಬಿನಿಂದ ಚಿಲ್ಲರೆ ಬರುವಂತೆ ಆ ಮಾತು ಬಂತು. ಬಂದ ಮೇಲೆ ರೊಟ್ಟಿಯ ತುಂಡು ಗಂಟಲಿನಲ್ಲಿ ನಿಂತಿತು.

ನೀನು ಬೆಂಗಳೂರಿನಿಂದ ಫೋನ್ ಮಾಡಿದ ಸಂಜೆ ನಿನಗೆ ನೆನಪಿರುತ್ತದೆ. ಗುಡ್ಡ ಇನ್ನೂ ಇಳಿದಿರಲಿಲ್ಲ. ಅವ್ವ ಒಬ್ಬಳೇ ಇದ್ದಾಳೆ, ಮನೆಯ ಹಿಂದೆ ಬಿರುಕು ಬಿಟ್ಟಿದೆ ಎನ್ನುತ್ತಾಳೆ, ಒಮ್ಮೆ ಹೋಗಿ ಕರೆದುಕೊಂಡು ಬಾ ಎಂದೆ. ಎರಡು ಗಂಟೆಯ ನಂತರ ನಾನೇ ಫೋನ್ ಮಾಡಿ, ಹೊರಟಿದ್ದೆ, ರಸ್ತೆ ಮುಚ್ಚಿದೆ, ಹಿಂದೆ ಬಂದೆ ಎಂದೆ. ಗೆಳೆಯಾ, ರಸ್ತೆ ಮುಚ್ಚಿತ್ತೋ ತೆರೆದಿತ್ತೋ ನನಗೆ ಗೊತ್ತೇ ಇರಲಿಲ್ಲ. ನಾನು ಮನೆಯಿಂದ ಹೊರಟೇ ಇರಲಿಲ್ಲ. ಜೀಪಿನ ಕೀಲಿ ಹಿಡಿದು ಜಗಲಿಯಲ್ಲಿ ನಿಂತು ಮಳೆಯ ಸದ್ದು ಕೇಳಿ, ಒಳಗೆ ಹೋಗಿ ಕುಳಿತೆ. ಆ ಎರಡು ಗಂಟೆ ಮಾಡಿದ್ದು ಅಷ್ಟೇ. ಅದಾದ ಮೇಲೆ ಗುಡ್ಡ ಇಳಿದು, ರಸ್ತೆ ಕುಸಿದು, ವಾರಗಟ್ಟಲೆ ಮುಚ್ಚಿ, ನನ್ನ ಸುಳ್ಳನ್ನು ಇಡೀ ಜಿಲ್ಲೆಯೇ ನಿಜ ಮಾಡಿಕೊಟ್ಟಿತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ನಿನ್ನ ಅವ್ವ ನೆರೆಯವರ ಕೈ ಹಿಡಿದು ಸಂಪಾಜೆಯವರೆಗೆ ನಡೆದೇ ಇಳಿದಳು. “ಪಾಪ, ಅವನು ಬರಲು ನೋಡಿದನಂತೆ” ಎಂದು ಎಲ್ಲರೆದುರು ಹೇಳಿ, ಅಂದಿನಿಂದ ವರ್ಷಕ್ಕೊಂದು ಭರಣಿ ಉಪ್ಪಿನಕಾಯಿ ಕಳಿಸುತ್ತಿದ್ದಾಳೆ.

ಸುಳ್ಳು ಹೇಳಿದ್ದು ಹೊಸ ಸಂಗತಿಯಲ್ಲ. ಹೇಳಿದ ಸಂಜೆಯೇ ಅದು ನನಗೆ ಗೊತ್ತಿತ್ತು. ಭಾನುವಾರ ಹೆದರಿಸಿದ್ದು ಬೇರೆ. ಈ ವರ್ಷಗಳಲ್ಲಿ ಯಾವುದೋ ಹಂತದಲ್ಲಿ ನಾನು ಅದನ್ನು ನಂಬಿಬಿಟ್ಟಿದ್ದೆ. ಅಣ್ಣ ಕೇಳಿದಾಗ ನನ್ನ ಕಣ್ಣ ಮುಂದೆ ಮದೆನಾಡಿನ ತಿರುವು, ಅಡ್ಡಬಿದ್ದ ಮರ, ಜೀಪಿನ ಬೆಳಕಿನಲ್ಲಿ ಹೊಳೆಯುವ ಕೆಸರು ಎಲ್ಲವೂ ಬಂದವು. ನಾನು ನೋಡಿಯೇ ಇರದ ಮರದ ತೊಗಟೆಯನ್ನು ಸಹ ವರ್ಣಿಸಬಲ್ಲವನಾಗಿದ್ದೆ.

ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಬರೆಯಲು ಕುಳಿತೆ, ಆಗಲಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆಂದರೆ ಇದು ಸಾಹಿತ್ಯವಾಗುತ್ತದೆ, ಓದುವವರಲ್ಲಿ ಅರ್ಧ ಜನ ಕಲ್ಪನೆಯೆಂದುಕೊಳ್ಳುತ್ತಾರೆ, ನಾನು ಅವರ ಹಿಂದೆ ಅಡಗಬಹುದು ಎಂಬ ಲೆಕ್ಕ. ನೋಡು, ಇಲ್ಲೂ ಓರೆಯಾಗಿಯೇ ಬರುತ್ತಿದ್ದೇನೆ.

ಸರಿ, ದೋಣಿಯನ್ನು ದಿಬ್ಬದ ಮೇಲೇ ಬಿಟ್ಟಿದ್ದೇನಲ್ಲ, ಅದಕ್ಕೆ ಬರುತ್ತೇನೆ. ನಾವು ಹೀಗೆ ಗಂಭೀರವಾಗಿ ಕುಳಿತಿರುವಾಗ, ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವ ಒಬ್ಬ ಅಜ್ಜಿ ಕುಕ್ಕೆಯನ್ನು ಎಳೆದುಕೊಂಡು ದಿಬ್ಬದ ಮೇಲೆ ನಡೆದು ಬಂದಳು. ನೀರು ಅವಳ ಮೊಣಕಾಲನ್ನೂ ಮುಟ್ಟುತ್ತಿರಲಿಲ್ಲ. ನನ್ನ ಕಿತ್ತಳೆ ಬಣ್ಣದ ಜಾಕೆಟ್ಟು, ಬಿಗಿದ ಅದರ ಮೂರು ಪಟ್ಟಿಗಳು, ಎರಡೂ ಕೈಗಳಿಂದ ದೋಣಿಯ ಅಂಚು ಹಿಡಿದ ನನ್ನ ಭಂಗಿ, ಇವನ್ನೆಲ್ಲ ಸಾವಧಾನವಾಗಿ ನೋಡಿ ಮಲಯಾಳದಲ್ಲಿ ಏನೋ ಕೇಳಿದಳು. ಅಣ್ಣ ಅನುವಾದಿಸಲು ಒಪ್ಪಲಿಲ್ಲ. ನಾನು ಇಳಿದೆ. ದೋಣಿ ಅದೇ ಕ್ಷಣದಲ್ಲಿ, ಇಷ್ಟು ಹೊತ್ತು ಇದಕ್ಕೇ ಕಾದಿದ್ದಂತೆ, ಒಂದಿಷ್ಟು ಮೇಲೆದ್ದಿತು. ಮೂವರೂ ಸೇರಿ ಎಳೆದು ಇಪ್ಪತ್ತು ಹೆಜ್ಜೆಯಾಚೆಯ ಆಳಕ್ಕೆ ಸೇರಿಸಿದೆವು. ಅಜ್ಜಿ ಒಂದು ಬೊಗಸೆ ಮರುವಾಯಿ ಕೊಟ್ಟಳು. ಅದನ್ನು ಮನೆಯಲ್ಲಿ ಯಾರಿಗೂ ಬೇಯಿಸಲು ತಿಳಿಯದೆ, ಕೊನೆಗೆ ಪಂದಿಕರಿಗೆ ಹಾಕುವಂತೆ ನಮ್ಮ ಕೊಡಗಿನ ಕಪ್ಪು ಹುಳಿ, ಕಾಚಂಪುಳಿ ಹಾಕಿದ್ದಾರೆ. ಫಲಿತಾಂಶವನ್ನು ಕುರಿತು ಕಾಸರಗೋಡಿನವರಿಗೆ ತಿಳಿಸಬಾರದೆಂದು ತೀರ್ಮಾನವಾಗಿದೆ.

ನನ್ನ ಮೂಗಿನ ಸಿಪ್ಪೆ ಸುಲಿಯುತ್ತಿದೆ. ಅಡ್ಡಕೋಲು ಒಮ್ಮೆ ಮಾತ್ರ ತಗುಲಿತು, ಅದೂ ದಡಕ್ಕೆ ಬಂದು ಕಟ್ಟಿದ ಮೇಲೆ. ಬಿರುದನ್ನು ಉಳಿಸಿಕೊಳ್ಳಬಹುದೆಂದು ಭಾವಿಸುತ್ತೇನೆ.

ವಾಪಸು ಬರುವಾಗ ರಾತ್ರಿ ಒಂಬತ್ತಾಗಿತ್ತು. ಮದೆನಾಡಿನಲ್ಲಿ ನಿನ್ನ ಅವ್ವನ ಈಗಿನ ಮನೆಗೆ ತಿರುಗುವ ದಾರಿಯಲ್ಲಿ ಜೀಪು ನಿಲ್ಲಿಸಿದೆ. ದೀಪವಿತ್ತು. ಟೀವಿಯ ಸದ್ದೂ ಕೇಳುತ್ತಿತ್ತು. ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು, ಆ ಅವತಾರದಲ್ಲಿ ಒಳಗೆ ಹೋಗುವುದು ಸರಿಯಲ್ಲವೆಂದು ಮುಂದೆ ಬಂದೆ. ರಸ್ತೆ ತೆರೆದೇ ಇತ್ತು.

ಮುಂದಿನ ತಿಂಗಳು ನೀನು ಬಂದಾಗ ಖಾಲಿ ಭರಣಿಯನ್ನು ಕೊಡಲು ಒಟ್ಟಿಗೆ ಹೋಗೋಣ. ಮಾತನ್ನು ನಾನೇ ತೆಗೆಯುತ್ತೇನೆ. ತೆಗೆಯದಿದ್ದರೆ ನೀನು ಮೂರನೆಯ ಛತ್ರಿಯ ವಿಷಯ ಎತ್ತು.

ನಿನ್ನ,
ಅಡ್ಮಿರಲ್