ಮೊಳೆ ಕೀಳದೆ ಬರೆದ ಗೋಡೆ

ಪ್ರೀತಿಯ ಗೆಳೆಯಾ,

ಕೋಲಾರದಲ್ಲಿ ನಾನು ಬರೀತಿರೋ ಗೋಡೆ ಚಿತ್ರ ಮುಗಿಯಿತಾ ಅಂತ ಕೇಳಿದ್ದೆಯಲ್ಲ. ಇನ್ನೂ ಇಲ್ಲ. ನಿನಗೆ ತೋರಿಸಿದ್ದ ಸ್ಕೆಚ್ಚನ್ನೂ ಕೈಬಿಟ್ಟೆ.

ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರು, ಪಕ್ಕದಲ್ಲಿ ಕೆಜಿಎಫ್ ಗಣಿ ಕಾರ್ಮಿಕ. ಕೋಲಾರ ಅಂದ್ರೆ ಇದೇ ಅಲ್ವಾ ಅಂತ ಮನೆಯಲ್ಲೇ ಕೂತು ಸ್ಕೆಚ್ ಮಾಡಿದ್ದೆ. ಗೋಡೆ ಉಜ್ಜೋಕೆ ಹೋದರೆ ಸಾಲಾಗಿ ಏಳು ಮೊಳೆ. ಮೊದಲನೆಯದಕ್ಕೆ ಇಕ್ಕಳ ಹಾಕಿದ್ದೆ ಅಷ್ಟೇ, ಹೂ ಮಾರುವ ಅಜ್ಜಿ ಓಡಿ ಬಂದರು. "ಕೀಳಬೇಡಪ್ಪಾ, ಹೂ ಎಲ್ಲಿ ನೇತಾಕ್ಲಿ?" ಆಮೇಲೆ ಹತ್ತಿರದಿಂದ ನೋಡಿದೆ. ಒಂದೊಂದು ಮೊಳೆಯ ಕೆಳಗೂ ತುಕ್ಕು ಬಣ್ಣದ ಗೆರೆ. ದಿನಾ ಒದ್ದೆ ಹೂವಿನಿಂದ ನೀರು ಇಳಿದು ಇಳಿದು ಆಗಿದ್ದು. ನಾನು ಖಾಲಿ ಗೋಡೆ ಅಂದುಕೊಂಡಿದ್ದೆ.

ನ್ಯೂಯಾರ್ಕಿನ ಕಲಾವಿದೆ ಮಿಯರ್ಲ್ ಲ್ಯಾಡರ್‌ಮನ್ ಯೂಕೆಲೀಸ್ ನೆನಪಾದರು. 1979-80ರಲ್ಲಿ ಅವರು ಆ ನಗರದ ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿದರು. ನಗರವನ್ನು ಜೀವಂತವಾಗಿ ಇಟ್ಟಿದ್ದೀರಿ, ಥ್ಯಾಂಕ್ಸ್ ಅಂತ ಒಬ್ಬೊಬ್ಬರಿಗೂ ಹೇಳಿದರು. ಅದೇ ಅವರ ಕಲಾಕೃತಿ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಬೊಂಬೆ ಬಿಟ್ಟಿದ್ದೂ ಹಾಗೇ. ಜನ ದಿನಾ ಬೈದುಕೊಂಡು ದಾಟುವ ಗುಂಡಿಯನ್ನೇ ಆರಿಸಿಕೊಂಡರು. ಆಮೇಲೆ ಆ ಗುಂಡಿ ಮುಚ್ಚಿತು.

ನಮ್ಮ ಕಡೆ ಯಾವ ಊರಿಗೆ ಹೋದರೂ ಗೋಡೆ ಮೇಲೆ ಅದೇ ಹುಲಿ, ಅದೇ ನವಿಲು, ಅದೇ ಸ್ವಚ್ಛತೆಯ ಘೋಷಣೆ. ಅಲ್ಲಿ ಕೂರುವವರನ್ನು ಒಂದು ಮಾತೂ ಕೇಳಿರಲ್ಲ. ನನಗೆ ಇದು ತುಂಬಾ ನೋವಾಗುತ್ತೆ ಕಣೋ.

ಮೊಳೆ ಹಾಗೇ ಬಿಟ್ಟೆವು. ಅಲ್ಲೇ ನಿಂತು ನೋಡುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸೀಮೆಸುಣ್ಣ ತಗೊಂಡು ಮೊಳೆಯಿಂದ ಮೊಳೆಗೆ ಗೆರೆ ಎಳೆದಳು. ಮರ! ಈಗ ಏಳೂ ಮೊಳೆ ಕೊಂಬೆ ತುದಿಗಳು. ಬೆಳಿಗ್ಗೆ ಅಜ್ಜಿ ಸೇವಂತಿಗೆ, ಕನಕಾಂಬರ ನೇತುಹಾಕಿದರೆ ಮರ ಹೂ ಬಿಡುತ್ತೆ. ಮೊಳ, ಮಾರು ಅಂತ ವ್ಯಾಪಾರ ಆದಂತೆ ಒಂದೊಂದೇ ಕೊಂಬೆ ಬರಿದಾಗುತ್ತೆ. ಒಂದು ಸಂಜೆ ಅಜ್ಜಿ, "ಇವತ್ತು ಮರದಲ್ಲಿ ಹೂ ಉಳೀಲಿಲ್ಲ" ಅಂತ ಬೀಗುತ್ತಿದ್ದರು.

ಬೇರು ಮಾತ್ರ ಬಾಕಿ. ಚರಂಡಿ ಪಕ್ಕ ಗೋಡೆ ತೇವ, ಪೇಂಟ್ ಹೊಡೆದರೆ ಪದರ ಪದರ ಏಳುತ್ತೆ. ತೇವ ಹೊರಗೆ ಬಿಡುವುದು ಸುಣ್ಣವೇ. ಸುಣ್ಣಕ್ಕೆ ಕೆಮ್ಮಣ್ಣು ಕಲಸಿ ಬರೆಯೋಣ ಅಂತಿದ್ದೇನೆ, ಆ ಹದ ನಿನ್ನ ಕೈಗೇ ಗೊತ್ತು. ಭಾನುವಾರ ಬರ್ತೀಯಾ? ಆರು ಗಂಟೆಗೇ ಬಾ, ಅಜ್ಜಿ ಬುಟ್ಟಿ ಇಳಿಸೋ ಹೊತ್ತಿಗೆ ನಾವು ಜಾಗ ಬಿಡಬೇಕು.

ನಿನ್ನ ಗೆಳೆಯ