ರಾಣಿಬಾಗ್‌ಗೆ ಹೋಗುವಾಗ ಒಂದು ಹುರಿ ಇರಲಿ

ಡೊಂಬಿವಲಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹತ್ತು ವರ್ಷದ ಮೇಲೆ ರಾಣಿಬಾಗ್‌ಗೆ, ಅದೇ ಮುಂಬಯಿಯ ಮೃಗಾಲಯದ ತೋಟಕ್ಕೆ, ಹೋದೆ, ಗುರುತೇ ಸಿಗಲಿಲ್ಲ, ತೋಟ ಹಾಳಾಗಿದೆ ಎಂದು ಬರೆದಿದ್ದೀಯ. ಗೇಟಿನಲ್ಲಿ ನಿಂತು ಆ ತೀರ್ಪು ಕೊಡಬೇಡ. ಅಲ್ಲಿ ಕಾಣುವುದು ಟಿಕೆಟಿನ ಸಾಲು. 2017ರಲ್ಲಿ ಪೆಂಗ್ವಿನ್ ನೋಡಲು ಜನರನ್ನು ಬಿಟ್ಟ ಮೇಲೆ ರಜೆಯಲ್ಲಿ ಆ ಸಾಲು ಉದ್ದವಾಗದೆ ಇರುತ್ತದೆಯೇ? 1862ರಲ್ಲಿ ತೆರೆದಾಗ ಇದು ಗಿಡಮರಗಳ ತೋಟ, ಪ್ರಾಣಿಗಳು ಬಂದದ್ದು ಆಮೇಲೆ. ಲೆಕ್ಕ ಹಿಡಿಯುವುದಾದರೆ ಮರದ ಬುಡದಿಂದ ಹಿಡಿ.

ಮೊದಲು ಋತು ನೋಡು. ನಿನ್ನ ಹಳೆಯ ಫೋಟೊ ಆಗಸ್ಟಿನದು, ಈಗ ಹೋದದ್ದು ಏಪ್ರಿಲಿನಲ್ಲಿ. ಬಾವೋಬಾಬ್, ಅಂದರೆ ನಮ್ಮ ಸವಣೂರಿನ ದೊಡ್ಡ ಹುಣಸೆ, ಇಲ್ಲಿಯವರ ಗೋರಖ್ ಚಿಂಚ್, ಬೇಸಗೆಯಲ್ಲಿ ಬೋಳಾಗಿ ನಿಂತಿರುತ್ತದೆ. ಚಿಗುರುವುದು ಮಳೆ ಹತ್ತಿರವಾದಾಗ. ಪಾಪ, ಅದನ್ನು ಸತ್ತ ಮರದ ಪಟ್ಟಿಗೆ ಸೇರಿಸಿಬಿಟ್ಟಿದ್ದೀಯ.

ಸುತ್ತಳತೆಗೆ ಟೈಲರ್ ಟೇಪು ಸಾಲದು. ಹಿಗ್ಗದ ಹುರಿ ಒಯ್ಯಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿಗೆ, ಕಾಂಡಕ್ಕೆ ಸುತ್ತಿ ಗಂಟು ಹಾಕು, ಬಿಚ್ಚಿ ಅಳೆ. ಅಲ್ಲಿ ಗಂಟೋ ಉಬ್ಬೋ ಇದ್ದರೆ ಸ್ವಲ್ಪ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಎಂದೂ ಬರೆದಿಡು. ಇಲ್ಲದಿದ್ದರೆ ಮುಂದಿನ ವರ್ಷ ಮರ ಸಣ್ಣದಾಯಿತು ಎಂದು ಹೆದರುತ್ತೀಯ. ಫೋಟೊ ತೆಗೆದಾಗ ಕಾಲಡಿ ಯಾವ ಮೆಟ್ಟಿಲು, ಬೆನ್ನಿಗೆ ಯಾವ ಕಂಬ ಎಂಬುದೂ ಅದೇ ಪುಟದಲ್ಲಿರಲಿ.

ಆಮೇಲೆ ಕೂತು ಬುಡ ನೋಡು. ಕಾಂಡ ನೆಲ ಮುಟ್ಟುವಲ್ಲಿ ಅಗಲವಾಗಿ ಬೇರಿಗೆ ತಿರುಗಬೇಕು. ಲೈಟ್ ಕಂಬದ ಹಾಗೆ ನೆಟ್ಟಗೆ ಇಳಿದಿದ್ದರೆ ಯಾರೋ ಮೇಲೆ ಮಣ್ಣು ತುಂಬಿದ್ದಾರೆ. ಒದ್ದೆ ಮಣ್ಣು ತೊಗಟೆಗೆ ತಾಗಿಯೇ ಇದ್ದರೆ ತೊಗಟೆ ಕೊಳೆಯುತ್ತದೆ. ಸಿಮೆಂಟ್, ಪೇವರ್ ಬ್ಲಾಕ್ ಬುಡದವರೆಗೆ ಬಂದಿದೆಯೇ? ಸುತ್ತ ಒಂದು ಮೀಟರಾದರೂ ಮಣ್ಣು ತೆರೆದಿರಬೇಕು, ದೊಡ್ಡ ಮರಕ್ಕೆ ಅದೂ ಕಡಿಮೆಯೇ. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಅವಕ್ಕೆ ಗಾಳಿಯೂ ಬೇಕು. ಅನುಮಾನ ಬಂದರೆ ಮಳೆಗೆ ಮುಂಚೆ ಒಂದು ಬಾಟಲಿ ನೀರನ್ನು ಬುಡದಿಂದ ಎರಡು ಮೊಳ ದೂರ ನಿಧಾನವಾಗಿ ಸುರಿ. ಇಂಗದೆ ಹರಿದುಹೋದರೆ ಜನರ ಓಡಾಟಕ್ಕೆ ಮಣ್ಣು ಕಣದಂತೆ ಗಟ್ಟಿಯಾಗಿದೆ ಎಂದರ್ಥ. ಬಿದ್ದ ಎಲೆಯನ್ನು ದಿನಾ ಗುಡಿಸಿ ನೆಲ ಬೋಳಿಸುವ ಕಡೆ ಇದು ಬೇಗ ಆಗುತ್ತದೆ. ಗುಡಿಸಿದ ನೆಲ ಜನರ ಕಣ್ಣಿಗೆ ಚೊಕ್ಕಟ, ಏನು ಮಾಡುವುದು.

ಪೈಪಿಗೋ ಕೇಬಲಿಗೋ ಅಗೆದ ಗುರುತು ಕಂಡರೆ ಯಾವ ದಿಕ್ಕಿಗೆ ಎಂದು ನೋಡು. ಮುಂಬಯಿಯ ಮಳೆಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಆ ಬದಿಯ ಬೇರು ಹಗ್ಗದಂತೆ ಮರವನ್ನು ಎಳೆದು ಹಿಡಿದಿರುತ್ತದೆ. ಅದನ್ನೇ ಕತ್ತರಿಸಿದ್ದರೆ ಜುಲೈಯ ನೆನೆದ ಮಣ್ಣಿನಲ್ಲಿ ಮರ ಬುಡಸಮೇತ ಮಗುಚುತ್ತದೆ. ಬುಡದಲ್ಲಿ ಹಲಗೆಯಂಥ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಶುರುವಾಗಿದೆ, ಮೇಲಿನ ಹಸಿರು ನಂಬಬೇಡ. ಅಂಥ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂರಬೇಡಿ. ಮರ ವಾಲಿ ಅಪಾಯ ಕಂಡರೆ ಮುಂಬಯಿ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡು.

ಕೊಂಬೆ ಕಡಿದದ್ದೆಲ್ಲ ಕೆಡುಕಲ್ಲ, ಮಳೆಗೆ ಮುಂಚೆ ಕಡಿಯಲೇಬೇಕು. ಕೊಂಬೆ ಹುಟ್ಟುವಲ್ಲಿನ ಉಬ್ಬು ಉಳಿಸಿ ಕಡಿದಿದ್ದರೆ ಗಾಯದ ಸುತ್ತ ಬಳೆಯಂತೆ ತೊಗಟೆ ಮುಚ್ಚಿಕೊಂಡು ಬರುತ್ತದೆ. ಮೊಳದುದ್ದ ಮೋಟು ಬಿಟ್ಟಿದ್ದರೆ ಅದು ಒಣಗಿ, ಕೊಳೆತ ಅಲ್ಲಿಂದಲೇ ಒಳಗಿಳಿಯುತ್ತದೆ. ಮರದ ಮೇಲೆ ಕಡಿಯುವ ನೋಟಿಸು ಅಂಟಿಸಿದ್ದರೆ ಮರದ ಸಂಖ್ಯೆ, ಆಕ್ಷೇಪಣೆಯ ಕೊನೆಯ ದಿನಾಂಕ ಎರಡೂ ಕಾಣುವಂತೆ ಫೋಟೊ ತೆಗೆ.

ಮತ್ತೆ ಆಗಸ್ಟಿನಲ್ಲಿ ಹೋಗು, ಅದೇ ಮೆಟ್ಟಿಲ ಮೇಲೆ ನಿಲ್ಲು. ಬುಧವಾರ ಬೇಡ, ಮುಚ್ಚಿರುತ್ತದೆ. ಬೈಕಲಾ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿ. ಅಳತೆ ಬರೆದ ಪುಟವನ್ನು ನನಗೂ ಕಳಿಸು.

ದೊಡ್ಡಪ್ಪ