ಅಪ್ಪನ ಮಾತಿಗೆ ಕಾದು ಕೂತ ಸ್ಪೀಚ್ ಥೆರಪಿಸ್ಟ್ ಮೇಡಂಗೆ

ಸ್ಟ್ರೋಕ್ ಆದ ಮೇಲೆ ಅಪ್ಪನ ಮಾತು ನಮಗೆ ತಿಳಿಯುತ್ತಿರಲಿಲ್ಲ. ಬುದ್ಧಿ ಚುರುಕಾಗಿಯೇ ಇತ್ತು, ನಾಲಿಗೆ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ. ‘ಪಾಪ’ ಅಂದರೆ ‘ಮಾಮ’ ಅಂತ ಕೇಳಿಸುತ್ತಿತ್ತು. ನಾವು ಸುಮ್ನೆ ತಲೆಯಾಡಿಸುತ್ತಿದ್ದೆವು. ಅದು ಅವರಿಗೂ ಗೊತ್ತಾಗುತ್ತಿತ್ತು, ಅಲ್ವಾ?

ನೀವು ಮೊದಲು ಅವರ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದಿರಿ. ‘ಪಾ’ ಅಂದಾಗ ಕನ್ನಡಿ ಮಸುಕಾಯಿತು, ಅಂದರೆ ಗಾಳಿ ಮೂಗಿನಿಂದ ಸೋರುತ್ತಿತ್ತು. ಆಮೇಲೆ ನೇಸೋಮೀಟರ್. ಮೂಗಿಗೂ ಬಾಯಿಗೂ ನಡುವೆ ಅಡ್ಡ ತಟ್ಟೆ, ಮೇಲೊಂದು ಮೈಕು, ಕೆಳಗೊಂದು ಮೈಕು. ತಟ್ಟೆಯ ಅಂಚು ತಣ್ಣಗಿದೆ ಅಂತ ಅಂಗೈಯಲ್ಲಿ ಒತ್ತಿ ಬೆಚ್ಚಗೆ ಮಾಡಿ ಇಟ್ಟಿರಿ. ಮೂಗಿನಿಂದ ಎಷ್ಟು ದನಿ ಹೋಗುತ್ತಿದೆ ಅಂತ ಪರದೆಯ ಮೇಲೆ ಗೆರೆ ಓಡಿತು. ಅಂಗುಳಿನ ಹಿಂಭಾಗ ಸರಿಯಾಗಿ ಮೇಲೇಳುತ್ತಿಲ್ಲ ಅಂತ ಅಪ್ಪನಿಗೇ ಹೇಳಿದಿರಿ, ನನಗಲ್ಲ.

ಅವರು ಒಂದು ವಾಕ್ಯ ಮುಗಿಸುವ ತನಕ ನೀವು ಗಡಿಯಾರ ನೋಡಲಿಲ್ಲ. ನಾನು ನಡುವೆ ಬಾಯಿ ಹಾಕಿದಾಗ ಕೈ ಅಡ್ಡ ಹಿಡಿದಿರಿ.

ಮೇಜು ತಟ್ಟುತ್ತಾ ಒಂದೊಂದೇ ಪದ ಆಡಿಸಿದಿರಿ. ಪರದೆಯ ಮೇಲೆ ಮೂಗಿನ ದನಿಯ ಗೆರೆ ಜಾಸ್ತಿಯೇನೂ ಇಳಿಯಲಿಲ್ಲ. ಆದರೆ ಮಾತು ತಿಳಿಯುವಂತಾಯಿತು. ನಿನ್ನೆ ಅಪ್ಪ ಫೋನಿನಲ್ಲಿ ಮಾತಾಡಿದರು. ಆ ಕಡೆಯವರು ‘ಏನು?’ ಅಂತ ಕೇಳಿದ್ದು ಒಂದೇ ಸಲ.

ಹೆಸರು ಹಾಕಬೇಡಿ ಅಂದಿದ್ದಿರಿ, ಹಾಕಿಲ್ಲ. ಥ್ಯಾಂಕ್ಸ್ ಮೇಡಂ.